ಎಲ್ಲರೂ ನಡುವಿಗೆ ಮುಖ ಮಾಡಿದ ಯುದ್ಧ

ಮಾನ್ಯ ವಾಚಕ ಮಹಾಶಯರೇ, ಲೋಕವನ್ನೇ ನಡುಗಿಸಿದ ಎರಡನೆಯ ಮಹಾಯುದ್ಧದ ಗತಿಯನ್ನು ಬದಲಿಸಿದ ನಾಲ್ಕು ಸಮರಗಳ ವೃತ್ತಾಂತವನ್ನು ತಮ್ಮ ಸಮ್ಮುಖದಲ್ಲಿ ನಿವೇದಿಸಲು ಈ ಲೇಖಕನು ಉದ್ಯುಕ್ತನಾಗಿದ್ದಾನೆ. ಸೇನಾಪತಿಗಳ ಪರಾಕ್ರಮವನ್ನು ಬಯಸುವವರು ದಯಮಾಡಿ ಬೇರೆ ಗ್ರಂಥಗಳನ್ನು ಅರಸತಕ್ಕದ್ದು. ಇಲ್ಲಿ ಬರುವ ಸ್ಟಾಲಿನ್‌ಗ್ರಾಡ್ ನಗರವು ಥರ್ಮಾಕೋಲಿನದು. ವೋಲ್ಗಾ ನದಿಯು ಒಡೆದ ಕನ್ನಡಿಯದು. ಈಜಿಪ್ಟಿನ ಮರಳು ಮಾತ್ರ ಅಸಲಿ ಮರಳೇ, ಆದರೆ ಅಬುಧಾಬಿಯದು. ಇವೆಲ್ಲವನ್ನೂ ಒಂದು ಊಟದ ಮೇಜಿನ ಅಗಲದಲ್ಲಿ ನಿರ್ಮಿಸಿದವನು ಬೆನೆಡಿಕ್ಟ್ ಪಾಯ್ಸ್ ಎಂಬ ಮಂಗಳೂರು ಕಡೆಯ ಬ್ರಹ್ಮಚಾರಿ. ಅವನು ಮಾಡಿದ ಒಂದು ತಪ್ಪು ಮತ್ತು ಆ ತಪ್ಪಿಗೆ ಒದಗಿದ ಗೌರವವೇ ಈ ಕಥೆಯ ವಸ್ತುವೆಂದು ಅರಿಕೆ ಮಾಡಿಕೊಂಡು ಮುಂದುವರಿಯುತ್ತೇನೆ.

ಬೆನೆಡಿಕ್ಟ್ ಪಾಯ್ಸ್ ಒಂದು ಊರಿನಲ್ಲಿ ಬೇರು ಬಿಡುವ ಸ್ವಭಾವದವನಲ್ಲ. ಮಸ್ಕತ್ತಿನಲ್ಲಿ ಗೋಡೆಗಳಿಗೆ ಬಣ್ಣ ಬಳಿದ. ಬಹರೈನಿನಲ್ಲಿ ಹೋಟೆಲೊಂದರ ಸ್ಟೋರ್ ನೋಡಿಕೊಂಡ. ದೋಹಾದಲ್ಲಿ ಅಂಗಡಿಗಳ ಬೋರ್ಡು ಬರೆದ. ಕಡೆಗೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಕಾರ್ಖಾನೆಯಲ್ಲಿ, ವಸ್ತುಪ್ರದರ್ಶನದ ಮಳಿಗೆಗಳಿಗಾಗಿ ಥರ್ಮಾಕೋಲ್ ಕತ್ತರಿಸುವ ಕೆಲಸಕ್ಕೆ ನಿಂತ. ಒಂದು ಊರಿನ ನೀರು ನಾಲಿಗೆಗೆ ಒಗ್ಗುವಷ್ಟರಲ್ಲಿ ಅವನಿಗೆ ಇನ್ನೊಂದು ಊರಿನ ಬಾಯಾರಿಕೆ ಹುಟ್ಟುತ್ತಿತ್ತು. ಬಂಧುಗಳ ನಡುವೆ ಅವನ ಮಾತು ಬಂದರೆ "ಬೆನ್ನಿ ಈಗ ಎಲ್ಲಿದ್ದಾನೆ?" ಎಂದು ಕೇಳುತ್ತಿದ್ದರೇ ಹೊರತು ಏನು ಮಾಡುತ್ತಿದ್ದಾನೆ ಎಂದು ಕೇಳುವವರಿರಲಿಲ್ಲ. ಅವನ ಚೀಲದಲ್ಲಿ ಎರಡು ವಸ್ತುಗಳು ಮಾತ್ರ ಯಾವತ್ತೂ ಬದಲಾಗುತ್ತಿರಲಿಲ್ಲ: ಮುಖಪುಟ ಕಿತ್ತುಹೋದ ಒಂದಷ್ಟು ಅಗ್ಗದ ಕಾದಂಬರಿಗಳು, ಮತ್ತು ಕರವಸ್ತ್ರದಲ್ಲಿ ಸುತ್ತಿಟ್ಟ ಹೆಬ್ಬೆರಳು ಗಾತ್ರದ ಮಣ್ಣಿನ ಬಾಲಯೇಸು. ಅದು ಅವನ ತಾಯಿ ಕೊಟ್ಟದ್ದು.

ಡಿಸೆಂಬರ್ ಬಂತೆಂದರೆ ಅವನು ಯಾವ ಕ್ಯಾಂಪಿನ ಯಾವ ಕೋಣೆಯಲ್ಲಿದ್ದರೂ ಅಲ್ಲೊಂದು ಗೋದಲಿ ಏಳುತ್ತಿತ್ತು. ಕ್ರಿಸ್ಮಸ್ಸಿಗೆ ಮನೆಮನೆಯಲ್ಲಿ ಕಟ್ಟುವ ಆ ಪುಟ್ಟ ಲೋಕವನ್ನು ಕರಾವಳಿಯವರು ಎಲ್ಲರೂ ಬಲ್ಲರು. ಮುದುಡಿದ ಕಾಗದಕ್ಕೆ ಗಂಜಿ ಹಚ್ಚಿ ಮಾಡಿದ ಬೆಟ್ಟ, ಕನ್ನಡಿಯ ಹೊಳೆ, ಬಟ್ಟಲಿನಲ್ಲಿ ಮೊಳಕೆ ಬರಿಸಿದ ರಾಗಿಯ ಹಸಿರು ಗದ್ದೆ, ಕುರಿ, ದನ, ಕುರುಬರು, ದೂರದಿಂದ ಬರುವ ರಾಜರು. ನಡುವೆ ಒಂದು ಗೋಶಾಲೆ, ಅದರಲ್ಲೊಂದು ಖಾಲಿ ಜಾಗ. ಮಗುವನ್ನು ಅಲ್ಲಿಡುವುದು ಇಪ್ಪತ್ತನಾಲ್ಕರ ರಾತ್ರಿಯೇ. ಅಲ್ಲಿಯವರೆಗೆ ಇಡೀ ಗೋದಲಿಗೆ ಬಟ್ಟೆ ಮುಚ್ಚಿರಬೇಕು, ಯಾರೂ ಇಣುಕಬಾರದು ಎಂಬುದು ಅವರ ಮನೆಯ ಕಟ್ಟುನಿಟ್ಟು. ಬಾಲ್ಯದಲ್ಲಿ ಒಂದು ಕುರಿಯ ಮೂತಿ ಅತ್ತಿತ್ತ ಹೊರಳಿದ್ದರೂ ತಾಯಿ "ಆ ಕುರಿಗೆ ಎಂತ ಸಿಟ್ಟು? ಮಗುವಿನ ಕಡೆಗೆ ತಿರುಗಿಸು" ಎನ್ನುತ್ತಿದ್ದಳು.

ಎರಡು ಸಾವಿರದ ಹದಿನಾಲ್ಕರ ಕೊನೆಯಲ್ಲಿ ಕಾರ್ಖಾನೆಯವರು ಥರ್ಮಾಕೋಲ್ ವಿಭಾಗವನ್ನು ಮುಚ್ಚಿದರು. ವೀಸಾ ಕ್ಯಾನ್ಸಲ್ ಆಯಿತು. ಬೆನೆಡಿಕ್ಟನಿಗೆ ಬೇಸರವೇನೂ ಆಗಲಿಲ್ಲ. ಗಡಿಯಾಚೆಯ ಸಲಾಲಾದ ಒಂದು ರೆಸಾರ್ಟಿನಲ್ಲಿ ಕೆಲಸ ಅಷ್ಟರಲ್ಲೇ ಗೊತ್ತಾಗಿತ್ತು. ನಡುವಿನ ಕೆಲವು ವಾರಗಳನ್ನು ಕಳೆಯಲು ಅವನು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿದ್ದ ತಮ್ಮ ಮೆಲ್ವಿನ್ನನ ಮನೆಗೆ ಬಂದ. ಬರುವಾಗ ಕಾರ್ಖಾನೆಯವರು ಎಸೆಯಲಿದ್ದ ಥರ್ಮಾಕೋಲಿನ ದೊಡ್ಡ ಹೊರೆಯನ್ನೂ ಜೊತೆಗೆ ತಂದ. ಮೆಲ್ವಿನ್ ತೈಲಬಾವಿಗಳಿಗೆ ಸಾಮಾನು ಪೂರೈಸುವ ಒಂದು ಕಂಪನಿಯಲ್ಲಿ ಗುಮಾಸ್ತ. ಅವನ ಹೆಂಡತಿ ಮಾರ್ಟಿನಾ ಆಸ್ಪತ್ರೆಯಲ್ಲಿ ನರ್ಸ್. ಒಬ್ಬಳೇ ಮಗಳು ಆನ್ ಮರಿಯಾ ಒಂಬತ್ತನೆಯ ತರಗತಿ. ಮನೆಯ ಮಾತು ಕೊಂಕಣಿ, ಮಗಳ ಮಾತು ಅರ್ಧ ಇಂಗ್ಲಿಷ್. ದೊಡ್ಡಪ್ಪನನ್ನು ಅವಳು ತಮ್ಮವರ ರೂಢಿಯಂತೆ ಬಾಪ್ಪು ಎಂದು ಕರೆಯುತ್ತಿದ್ದಳು. ಆದರೆ ಅವನೊಡನೆ ಅವಳ ಮಾತುಕತೆ "ಹಾಯ್ ಬಾಪ್ಪು", "ಬೈ ಬಾಪ್ಪು" ಎಂಬ ಎರಡು ನಿಲ್ದಾಣಗಳ ನಡುವೆಯೇ ಓಡಾಡುತ್ತಿತ್ತು.

ಒಂದು ಮಧ್ಯಾಹ್ನ ಅವಳು ಶಾಲೆಯಿಂದ ಬಂದವಳೇ ಬ್ಯಾಗನ್ನೂ ಇಳಿಸದೆ ಅವನ ಮುಂದೆ ನಿಂತಳು.

"ಬಾಪ್ಪು, ಐ ಡಿಡ್ ಸಮ್‌ಥಿಂಗ್. ಬೈಯಬಾರದು."

"ಎಂತ ಒಡೆದಿ?"

"ಒಡೀಲಿಲ್ಲ. ಹೇಳಿಬಿಟ್ಟೆ. ಕ್ಲಾಸಿನಲ್ಲಿ, ಎಲ್ಲರ ಎದುರಿಗೆ."

ವಿಷಯ ಇಷ್ಟು. ಚರಿತ್ರೆಯ ಅಧ್ಯಾಪಕರಾದ ಶಾಮಸುಂದರ ಮೇಷ್ಟ್ರು ಮಹಾಯುದ್ಧದ ನಿರ್ಣಾಯಕ ಘಟ್ಟಗಳ ಮೇಲೆ ಮಾದರಿಗಳ ಪ್ರದರ್ಶನ ಏರ್ಪಡಿಸಿದ್ದರು. ಸ್ಟಾಲಿನ್‌ಗ್ರಾಡ್, ಎಲ್ ಅಲಮೇನ್, ಮಿಡ್ವೇ, ನಾರ್ಮಂಡಿ, ಈ ನಾಲ್ಕೂ ಇರಬೇಕು. ಅಂಗಡಿಯಲ್ಲಿ ಮಾಡಿಸಿದ್ದನ್ನು ತರಕೂಡದು, ಮನೆಯವರ ಸಹಾಯ ಪಡೆಯಬಹುದು. ಚೆನ್ನಾಗಿಲ್ಲದ್ದು ಸಭಾಂಗಣದೊಳಗೆ ಬರುವುದೇ ಇಲ್ಲ. ಇನ್ನೊಂದು ಗುಂಪಿನವರು ಗುಂಡಿ ಒತ್ತಿದರೆ ದೀಪ ಹೊತ್ತುವ ಮಾದರಿ ಮಾಡುತ್ತೇವೆಂದು ಜಂಬ ಕೊಚ್ಚಿದ್ದರು. ಆಗ ಆನ್ ಮರಿಯಾ ಎದ್ದು ನಿಂತು, "ನನ್ನ ದೊಡ್ಡಪ್ಪ ಒಬ್ಬ ಕಲಾವಿದ. ಅವರು ಈಗ ನಮ್ಮ ಮನೆಯಲ್ಲೇ ಇದ್ದಾರೆ. ನಮ್ಮದನ್ನು ನೋಡಿ ಆಮೇಲೆ ಮಾತಾಡಿ" ಎಂದು ಘೋಷಿಸಿಬಿಟ್ಟಿದ್ದಳು. ಅವಳ ಜೊತೆಗಾತಿ ಸೂಫಿಯಾ ಬೆಂಚು ಬಡಿದಿದ್ದಳು.

ಬೆನೆಡಿಕ್ಟ್ ಅವಳ ಹೆಗಲಿನ ಬ್ಯಾಗನ್ನು ಇಳಿಸಿ ಕೆಳಗಿಟ್ಟ. ಅವನು ನಡೆದ ಅಷ್ಟೂ ಊರುಗಳಲ್ಲಿ ಅವನನ್ನು ನನ್ನವನು ಎಂದು ಯಾರೂ ಯಾರ ಮುಂದೆಯೂ ಎದೆಯುಬ್ಬಿಸಿ ಹೇಳಿದ್ದಿಲ್ಲ. ಬೆನ್ನಿ ಎಲ್ಲಿದ್ದಾನೆ ಎಂಬ ಪ್ರಶ್ನೆಗೆ ಈ ಹುಡುಗಿ ಅವನು ಏನು ಎಂಬ ಉತ್ತರ ಕೊಟ್ಟು ಬಂದಿದ್ದಳು. ಆ ಉತ್ತರ ಸುಳ್ಳಾಗಕೂಡದು. ಅಷ್ಟೇ. ಬೇರೇನು ಹಾಳಾದರೂ ಚಿಂತೆಯಿಲ್ಲ, ಅದೊಂದು ಸುಳ್ಳಾಗಕೂಡದು.

"ಮಾಡುವ," ಅಂದ. "ಆದರೆ ಮುಗಿಯುವವರೆಗೆ ಯಾರೂ ನೋಡಲಿಕ್ಕಿಲ್ಲ."

"ನಾನೂ?"

"ನೀನು ಗಂಜಿ ಕಲಸು, ಬಣ್ಣ ಕಲಸು, ಮರಳು ತಾ. ಬಟ್ಟೆ ಮಾತ್ರ ಎತ್ತಬೇಡ."

ಹೀಗೆ ಯುದ್ಧ ಆರಂಭವಾಯಿತು. ಊಟದ ಮೇಜು, ಮೇಲೊಂದು ಹಲಗೆ ಹೊತ್ತು, ರಣರಂಗವಾಯಿತು. ಮನೆಯವರು ತಟ್ಟೆ ಹಿಡಿದು ಸೋಫಾದ ಮೇಲೆ ಊಟ ಮಾಡತೊಡಗಿದರು. ಬೆನೆಡಿಕ್ಟ್ ಥರ್ಮಾಕೋಲನ್ನು ಬಿಸಿತಂತಿಯಿಂದ ಕೊಯ್ದು ಸುಟ್ಟುಹೋದ ಕಟ್ಟಡಗಳನ್ನು ಎಬ್ಬಿಸಿದ. ಮನೆಯ ಹಿಂದಿನ ಬಯಲಿನಿಂದ ಹುಡುಗಿಯರಿಬ್ಬರೂ ಬಕೆಟ್ಟಿನಲ್ಲಿ ಈಜಿಪ್ಟನ್ನು ಹೊತ್ತು ತಂದರು. ಅಗ್ಗದ ಅಂಗಡಿಯ ಪ್ಲಾಸ್ಟಿಕ್ ಸೈನಿಕರು ಬೂದಿಯವರೂ ಹಸಿರಿನವರೂ ಆಗಿ ಎರಡು ಬಣ್ಣ ಪಡೆದರು. ಮಲಯಾಳಿ ಗ್ರಾಸರಿಯಿಂದ ತಂದ ರಾಗಿ ಅಡುಗೆಮನೆಯ ಕಿಟಕಿಯಲ್ಲಿ, ಚಹಾದ ತಟ್ಟೆಗಳಲ್ಲಿ, ಮೊಳಕೆಯೊಡೆಯಿತು.

"ಭಾವ," ಮಾರ್ಟಿನಾ ಬಾಗಿಲಲ್ಲಿ ನಿಂತು ಕೇಳಿದಳು, "ಯುದ್ಧಕ್ಕೆ ರಾಗಿ ಯಾಕೆ?"

"ಹಸಿರು ಬೇಡವಾ ಮತ್ತೆ?"

"ನನಗೆ ತಟ್ಟೆ ಬೇಕು. ಚಹಾ ಕುಡಿಯಲಿಕ್ಕೆ ಇನ್ನು ಲೋಟವೇ ಗತಿ."

"ಯುದ್ಧಕಾಲ ಮಾರಾಯ್ತಿ. ಸ್ವಲ್ಪ ಸಹಿಸಿಕೊಳ್ಳಬೇಕು."

ಸಂಜೆ ಮೆಲ್ವಿನ್ ಮನೆಗೆ ಬಂದು ಶೂ ಬಿಚ್ಚುವಾಗ ಹೇಳುತ್ತಿದ್ದ ಮೊದಲ ಮಾತು ಆ ದಿನಗಳಲ್ಲಿ ಒಂದೇ: "ಇವತ್ತೂ ಇಳಿಯಿತು." ಇಳಿಯುತ್ತಿದ್ದುದು ಕಚ್ಚಾತೈಲದ ಬೆಲೆ. ಅದು ಇಳಿದ ಹಾಗೆ ಅವನ ಕಚೇರಿಯಲ್ಲಿ ನಗು ಇಳಿಯುತ್ತಿತ್ತು. ಮನೆಯಲ್ಲಿ ಮಾತ್ರ ಯಾರೂ ಅದನ್ನು ದೊಡ್ಡದು ಮಾಡುತ್ತಿರಲಿಲ್ಲ; ಮಾರ್ಟಿನಾ "ಕೈಕಾಲು ತೊಳೆದು ಬನ್ನಿ, ಮೀನು ಆರಿಹೋಗ್ತದೆ" ಎನ್ನುತ್ತಿದ್ದಳು.

ಬೆನೆಡಿಕ್ಟನಿಗೆ ಆ ದಿನಗಳು ಹಬ್ಬದ ಹಿಂದಿನ ದಿನಗಳಂತೆ ಕಳೆದವು. ತನ್ನ ಕಾದಂಬರಿಗಳಲ್ಲಿ ಓದಿದ್ದ ಯುದ್ಧವನ್ನು ಅವನು ಬಟ್ಟೆಯ ಮರೆಯಿಂದಲೇ ಹುಡುಗಿಯರಿಗೆ ಹೇಳುತ್ತ ಹೇಳುತ್ತ ಅಂಟು ಹಚ್ಚುತ್ತಿದ್ದ. ಆ ಯುದ್ಧದಲ್ಲಿ ಗೂಢಚಾರಿಣಿಯರು ಬಹಳ. ಆನ್ ಮರಿಯಾ ಪಾಠದಲ್ಲಿ ಕಲಿತ ಯುದ್ಧವನ್ನು ತಿರುಗಿ ಅವನಿಗೆ ಒಪ್ಪಿಸುತ್ತಿದ್ದಳು. ಪ್ರದರ್ಶನದ ದಿನ ನಾಲ್ಕೂ ಸಮರಗಳ ವಿವರಣೆ ಕೊಡಬೇಕಾದವಳು ಅವಳೇ.

"ಬಾಪ್ಪು, ವೋಲ್ಗಾದಲ್ಲಿ ಸಬ್‌ಮೆರೀನ್ ಇರಲಿಲ್ಲ."

"ನನ್ನ ಪುಸ್ತಕದಲ್ಲಿ ಇತ್ತು."

"ನಿಮ್ಮ ಪುಸ್ತಕದಲ್ಲಿ ಎಲ್ಲರೂ ಕೊನೆಗೆ ಮದುವೆ ಆಗ್ತಾರೆ."

ಹಾಯ್ ಮತ್ತು ಬೈಗಳ ನಡುವೆ ಈಗ ಒಂದು ದೊಡ್ಡ ಪೇಟೆಯೇ ಬೆಳೆದಿತ್ತು.

ಪ್ರದರ್ಶನ ಗುರುವಾರ. ಬುಧವಾರ ಸಂಜೆ ಬಟ್ಟೆ ತೆಗೆಯುವುದೆಂದು ನಿಶ್ಚಯವಾಯಿತು. ಸೂಫಿಯಾಳ ತಂದೆ ಮುಹಿಯುದ್ದೀನ್, ಮುಸಫ್ಫಾದಲ್ಲಿ ಹಾರ್ಡ್‌ವೇರ್ ಅಂಗಡಿಯುಳ್ಳ ಉಪ್ಪಿನಂಗಡಿ ಕಡೆಯ ಬ್ಯಾರಿ, ಮಗಳನ್ನು ಕರೆತಂದವನು ಚಹಾಕ್ಕೆಂದು ಒಳಗೆ ಬಂದ. ಮರುದಿನ ಮಾದರಿಯನ್ನು ಶಾಲೆಗೆ ಸಾಗಿಸುವುದು ಅವನ ಪಿಕಪ್ಪಿನಲ್ಲೇ.

"ತೆಗೆಯಿರಿ ಪೊರ್ಬುಗಳೇ," ಅಂದ ಅವನು, ಊರಿನಲ್ಲಿ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ಹಾಗೆಯೇ ಕರೆದು. "ಮದುಮಗಳನ್ನು ಎಷ್ಟು ಹೊತ್ತು ಮುಸುಕಿನಲ್ಲಿ ಕೂರಿಸುವುದು?"

ಬೆನೆಡಿಕ್ಟ್ ಎರಡು ಮೂಲೆ ಹಿಡಿದು ಬೆಡ್‌ಶೀಟನ್ನು ಎಳೆದ.

ಕೆಲಸ ಅಂದವಾಗಿತ್ತು. ಒಂದು ಮೂಲೆಯಲ್ಲಿ ಹಿಮ ಹೊದ್ದ ನಗರ, ಹತ್ತಿಯ ಹಿಮ, ಇನ್ನೊಂದರಲ್ಲಿ ಮರಳುಗಾಡು, ಮೂರನೆಯದರಲ್ಲಿ ನೀಲಿ ಕಾಗದದ ಸಾಗರ, ಅದರ ಮೇಲೆ ವಿಮಾನ ಹೊತ್ತ ಹಡಗುಗಳು, ನಾಲ್ಕನೆಯದರಲ್ಲಿ ಅಲೆಗಳಿಂದ ಮೇಲೇರುವ ತೀರ, ಅದರ ಹಿಂದೊಂದು ಬೆಟ್ಟ. ಮಾರ್ಟಿನಾ "ಯೇಸುವೇ" ಎಂದು ಬಾಯಿ ಮೇಲೆ ಕೈಯಿಟ್ಟಳು. ಹುಡುಗಿಯರು ಚಪ್ಪಾಳೆ ತಟ್ಟಿದರು. ಆಮೇಲೆ ಆನ್ ಮರಿಯಾಳ ಚಪ್ಪಾಳೆ ನಿಂತಿತು. ಅವಳು ಬಗ್ಗಿದಳು, ಮೇಜನ್ನು ಒಂದು ಸುತ್ತು ಬಂದಳು.

"ಬಾಪ್ಪು, ಇವರೆಲ್ಲ ಎಲ್ಲಿಗೆ ನೋಡ್ತಾ ಇದ್ದಾರೆ?"

ಎಲ್ಲರೂ ಬಗ್ಗಿದರು. ಮೇಜಿನ ನಟ್ಟನಡುವೆ ಅಂಗೈಯಗಲದ ಒಂದು ಖಾಲಿ ಜಾಗವಿತ್ತು. ನಾಲ್ಕು ಮೂಲೆಗಳ ಸಮಸ್ತ ಸೈನಿಕರೂ, ಬೂದಿಯವರೂ ಹಸಿರಿನವರೂ, ಟ್ಯಾಂಕುಗಳ ಕೊಳವೆಗಳೂ, ಹಡಗುಗಳ ಮೂತಿಗಳೂ ಆ ಖಾಲಿ ಜಾಗದ ಕಡೆಗೇ ತಿರುಗಿದ್ದವು. ಶತ್ರುವನ್ನು ನೋಡುತ್ತಿದ್ದವನು ಒಬ್ಬನೂ ಇರಲಿಲ್ಲ.

"ಅಂಕಲ್," ಸೂಫಿಯಾ ಕೇಳಿದಳು, "ಇವರು ಯುದ್ಧಕ್ಕೆ ಬಂದದ್ದಾ, ಬಸ್ಸಿಗೆ ಕಾಯುವುದಾ?"

"ಏ, ದೊಡ್ಡವರ ಹತ್ತಿರ ಹಾಗೆ ಮಾತಾಡ್ಲಿಕ್ಕುಂಟಾ?" ಎಂದು ಗದರಿಸಿದ ಮುಹಿಯುದ್ದೀನ್ ತಾನೂ ಬಗ್ಗಿ ನೋಡಿ ತಡೆಯಲಾರದೆ ಹೇಳಿದ, "ಆದರೂ ಪೊರ್ಬುಗಳೇ, ಈ ಜರ್ಮನಿಯವನು ರಷ್ಯಾದವನಿಗೆ ಬೆನ್ನು ಹಾಕಿ ಆರಾಮವಾಗಿ ನಿಂತಿದ್ದಾನಲ್ಲ. ಇದು ರಾಜಿ ಪಂಚಾಯ್ತಿ ಮುಗಿದ ಮೇಲಿನ ಸೀನಾ?"

"ಮತ್ತೆ ಇದು ಎಂತ?" ಸೂಫಿಯಾ ಬೆಟ್ಟದ ಮೇಲೆ ಕಡ್ಡಿಗೆ ಕಟ್ಟಿದ್ದ ಬೆಳ್ಳಿಕಾಗದದ ನಕ್ಷತ್ರವನ್ನು ತೋರಿಸಿದಳು.

"ಸರ್ಚ್‌ಲೈಟ್," ಅಂದ ಬೆನೆಡಿಕ್ಟ್ ತಟ್ಟನೆ. ಆದರೆ ಅವನ ಕಿವಿ ಬಿಸಿಯಾಗಿತ್ತು.

ಅವನಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಬಾಯಿ ಯುದ್ಧದ ಕಥೆ ಹೇಳುತ್ತಿದ್ದಾಗ ಕೈ ತನ್ನ ಪಾಡಿಗೆ ತಾನು ಹಳೆಯ ಕೆಲಸವನ್ನೇ ಮಾಡಿತ್ತು. ನಡುವೆ ಜಾಗ ಬಿಟ್ಟಿತ್ತು. ಒಬ್ಬೊಬ್ಬನನ್ನೂ ನೆಟ್ಟು, ಹೆಬ್ಬೆರಳಿನಿಂದ ಅವನ ಮುಖವನ್ನು ಒಳಕ್ಕೆ ತಿರುಗಿಸಿ, ಅಂಟು ಒಣಗುವವರೆಗೆ ಒತ್ತಿ ಹಿಡಿದಿತ್ತು. ಆ ಸೈನಿಕನಿಗೆ ಎಂತ ಸಿಟ್ಟು, ತಿರುಗಿಸು ಎಂದು ಯಾರೋ ಹಿಂದಿನಿಂದ ಹೇಳುತ್ತಿದ್ದ ಹಾಗೆ. ಸ್ಟಾಲಿನ್‌ಗ್ರಾಡಿನ ಹಿಮದ ನಡುವೆ ರಾಗಿಯ ಹಸಿರು ಗದ್ದೆ ಕೂಡ ನಳನಳಿಸುತ್ತಿತ್ತು.

ಅವನು ಒಬ್ಬ ಸೈನಿಕನನ್ನು ಹಿಡಿದು ತಿರುಚಿದ. ಕಾರ್ಖಾನೆಯ ಅಂಟು, ಸೈನಿಕನ ಜೊತೆಗೆ ಒಂದು ತುಂಡು ನಗರವೇ ಕಿತ್ತು ಬಂತು. ಇನ್ನೊಬ್ಬನನ್ನು ಮುಟ್ಟುವ ಧೈರ್ಯ ಬರಲಿಲ್ಲ. ಎಲ್ಲರನ್ನೂ ಕೀಳಹೊರಟರೆ ನಾಳೆ ಬೆಳಗ್ಗೆಗೆ ಉಳಿಯುವುದು ಬರೀ ಚೂರುಗಳ ರಾಶಿ.

"ತಪ್ಪು ನನ್ನದು ಮಗಳೇ," ಅಂದ. "ನಾನು ಯುದ್ಧ ಕಟ್ಟಲಿಲ್ಲ. ಗೋದಲಿ ಕಟ್ಟಿದೆ."

ಆನ್ ಮರಿಯಾಳ ಕಣ್ಣು ತುಂಬಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳು ಅದನ್ನು ಅವನಿಗೆ ಕಾಣಿಸಬಾರದೆಂದು ಕಿಟಕಿಯ ಕಡೆ ತಿರುಗಿದ್ದನ್ನು ಬೆನೆಡಿಕ್ಟ್ ಕಂಡ. ಅಳುವುದಕ್ಕಿಂತ ಆ ತಿರುಗಿದ್ದೇ ಅವನಿಗೆ ಹೆಚ್ಚು ನಾಟಿತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮೆಲ್ವಿನ್ ಒಳಗೆ ಬಂದು, ಶೂ ಬಿಚ್ಚಲು ಬಗ್ಗಿ, ಯಾರ ಮುಖವನ್ನೂ ನೋಡದೆ ಹೇಳಿದ, "ಇವತ್ತೂ ಇಳಿಯಿತು."

"ಅಯ್ಯೋ, ಇಲ್ಲಿ ಮಹಾಯುದ್ಧವೇ ಮುಗ್ಗರಿಸಿದೆ, ನಿಮ್ಮ ಎಣ್ಣೆ ಒಂದು!" ಎಂದಳು ಮಾರ್ಟಿನಾ.

"ಅವನಿಗೆ ಯಾಕೆ ಬೈತೀರಿ ಬಾಯಮ್ಮ," ಮುಹಿಯುದ್ದೀನ್ ಮಧ್ಯೆ ಬಂದ. "ಈ ದೇಶದಲ್ಲಿ ಅರಬಿಯಿಂದ ಹಿಡಿದು ನನ್ನಂಥ ಬ್ಯಾರಿಯವರೆಗೆ ಎಲ್ಲರ ಕಣ್ಣೂ ಈಗ ಆ ಒಂದು ಬ್ಯಾರಲ್ಲಿನ ಮೇಲೆಯೇ."

ಕಿಟಕಿಯ ಬಳಿ ಇದ್ದವಳು ನಿಧಾನವಾಗಿ ಇತ್ತ ತಿರುಗಿದಳು. ಮೇಜಿನ ನಡುವಿನ ಖಾಲಿ ಜಾಗವನ್ನು ನೋಡಿದಳು. ಅಪ್ಪನನ್ನು ನೋಡಿದಳು.

"ಆಯಿಲ್," ಅಂದಳು.

"ಹೌದು, ಇಳಿಯಿತು," ಅಂದ ಮೆಲ್ವಿನ್.

"ಇಲ್ಲ ಡ್ಯಾಡಿ, ವೇಟ್. ಸೂಫಿ, ಸ್ಟಾಲಿನ್‌ಗ್ರಾಡ್. ಜರ್ಮನಿಯವರು ಆ ಕಡೆಗೆ ಯಾಕೆ ಹೋದದ್ದು? ಕಾಕಸಸ್ಸಿನ ಎಣ್ಣೆಬಾವಿಗಳು ಬೇಕಿದ್ದವು. ಎಲ್ ಅಲಮೇನ್: ಅವರ ಟ್ಯಾಂಕುಗಳಿಗೆ ಪೆಟ್ರೋಲ್ ಸಾಕಾಗಲಿಲ್ಲ. ಮಿಡ್ವೇ: ಜಪಾನ್‌ಗೆ ಅಮೆರಿಕ ಎಣ್ಣೆ ಕೊಡುವುದನ್ನು ನಿಲ್ಲಿಸಿತ್ತು, ಅದಕ್ಕೇ ಅಲ್ವಾ ಅವರು ಯುದ್ಧಕ್ಕೆ ಇಳಿದದ್ದು?"

"ನಾರ್ಮಂಡಿ?" ಸೂಫಿಯಾ ಸವಾಲು ಹಾಕಿದಳು.

"ಸಮುದ್ರದ ತಳದಲ್ಲಿ ಪೈಪ್ ಹಾಕಿ ಇಂಗ್ಲೆಂಡಿನಿಂದ ಪೆಟ್ರೋಲ್ ತಂದದ್ದು! ನೀನೇ ನನಗೆ ಓದಿ ಹೇಳಿದ್ದು!" ಅವಳ ದನಿ ಏರಿತ್ತು. "ಬಾಪ್ಪು, ಯಾರನ್ನೂ ಕೀಳಬೇಡಿ. ಅವರು ಸರಿಯಾಗಿಯೇ ನೋಡ್ತಾ ಇದ್ದಾರೆ. ನಡುವೆ ಇಡಲಿಕ್ಕೆ ನಮಗೆ ಒಂದು ಬ್ಯಾರಲ್ ಬೇಕು, ಅಷ್ಟೇ."

ಮಾರ್ಟಿನಾ ಅಡುಗೆಮನೆಗೆ ಹೋಗಿ ಕಪಾಟು ತೆರೆದಳು. ಅವಳು ತಂದದ್ದು ಟೊಮೆಟೊ ಪೇಸ್ಟಿನ ಪುಟ್ಟ ತಗಡಿನ ಡಬ್ಬಿ; ಮೇಲೆ ಕೆಳಗೆ ಅಂಚು ಕಟ್ಟಿದ, ಥೇಟು ಪೀಪಾಯಿಯ ಆಕಾರದ್ದು. ಅದನ್ನು ಒಡೆದು ಬಾಣಲೆಗೆ ಸುರಿದು, ತೊಳೆದು ಭಾವನ ಕೈಗೆ ಕೊಟ್ಟಳು. ಆ ದಿನದ ಕೋಳಿಸಾರು ಕೆಂಡದಂತೆ ಕೆಂಪಾಯಿತು, ಯಾರೂ ದೂರಲಿಲ್ಲ.

ಬೆನೆಡಿಕ್ಟ್ ಡಬ್ಬಿಗೆ ಕಪ್ಪು ಬಳಿದ, ಅಂಚಿಗೆ ತುಕ್ಕಿನ ಬಣ್ಣ ಕೊಟ್ಟ. ಕಿತ್ತುಬಂದಿದ್ದ ಸೈನಿಕನನ್ನು ಮತ್ತೆ ನೆಟ್ಟು ತೂತಿಗೆ ಹತ್ತಿ ತುಂಬಿದ. ರಾಗಿಯ ತಟ್ಟೆಗಳನ್ನು ಎತ್ತಿ ನಾರ್ಮಂಡಿಯ ತೀರದ ಹಿಂದೆ ಇಟ್ಟಾಗ, ಅಲ್ಲಿ ಯುದ್ಧ ನಡೆದದ್ದು ಜೂನ್ ತಿಂಗಳಲ್ಲಾದ್ದರಿಂದ, ಹಸಿರು ಹೇಳಿ ಮಾಡಿಸಿದಂತೆ ಕೂತಿತು. ನಕ್ಷತ್ರವನ್ನು ತೆಗೆಯಬೇಕೆಂದು ಅವನು ಕೈ ಹಾಕಿದಾಗ ಸೂಫಿಯಾ ತಡೆದಳು.

"ಇರಲಿ ಅಂಕಲ್. ನೀವೇ ಹೇಳಿದ್ದಲ್ವಾ, ಸರ್ಚ್‌ಲೈಟ್."

ಮರುದಿನ ಬೆಳಗ್ಗೆ ಬೆನೆಡಿಕ್ಟ್ ಪಿಕಪ್ಪಿನ ಹಿಂಭಾಗದಲ್ಲಿ, ಗಾಳಿಗೆ ಹಿಮ ಹಾರದಂತೆ ಹಲಗೆಯನ್ನು ತಬ್ಬಿಕೊಂಡು ಕೂರಲು ಹೊರಟ. ಹಾಗೆ ಕೂತರೆ ಪೊಲೀಸರು ಹಿಡಿಯುತ್ತಾರೆಂದು ಮುಹಿಯುದ್ದೀನ್ ಅವನನ್ನು ಎಳೆದು ಮುಂದೆ ಕೂರಿಸಿ, ದಾರಿಯುದ್ದಕ್ಕೂ ಒಂಟೆಯ ನಡಿಗೆಯಲ್ಲಿ ಗಾಡಿ ಓಡಿಸಿದ. ಹಿಂದಿನ ವಾಹನದವರು ಹಾರ್ನ್ ಹೊಡೆದರೆ "ಯಲ್ಲಾ, ಹೋಗು ನೀನು, ನನ್ನ ಗಾಡಿಯಲ್ಲಿ ನಾಲ್ಕು ಯುದ್ಧ ಉಂಟು" ಎಂದು ಕಿಟಕಿಯಿಂದ ಕೈ ಬೀಸುತ್ತಿದ್ದ.

ಶಾಮಸುಂದರ ಮೇಷ್ಟ್ರು ಮೈಸೂರಿನ ಕಡೆಯವರು. ಕನ್ನಡಕವನ್ನು ಹಣೆಯ ಮೇಲೇರಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಡೆಯುವವರು. ಪಕ್ಕದ ಮೇಜಿನಲ್ಲಿ ಗುಂಡಿ ಒತ್ತಿದಾಗ ದೀಪಗಳು ಮಿನುಗಿ ತುಪಾಕಿಯ ಸದ್ದು ಬಂತು. ಅವರು ತಲೆಯಾಡಿಸಿ ಮುಂದೆ ಬಂದರು. ಆನ್ ಮರಿಯಾಳ ಮೇಜನ್ನು ಒಂದು ಸುತ್ತು ಬಂದರು. ಕನ್ನಡಕವನ್ನು ಮೂಗಿಗೆ ಇಳಿಸಿ ಇನ್ನೊಂದು ಸುತ್ತು ಬಂದರು. ಬೆನೆಡಿಕ್ಟ್ ಪೋಷಕರ ಗುಂಪಿನ ಹಿಂದೆ, ಕಂಬವೊಂದಕ್ಕೆ ಆತು ನಿಂತಿದ್ದ.

"ಇಲ್ಲಿ ಒಬ್ಬ ಸೈನಿಕನೂ ಶತ್ರುವನ್ನು ನೋಡುತ್ತಿಲ್ಲವಲ್ಲ," ಎಂದರು ಮೇಷ್ಟ್ರು. "ಈ ಯೋಚನೆ ಯಾರದು?"

ನಮ್ಮದು ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆನ್ ಮರಿಯಾ ಗುಂಪಿನ ಮೇಲೆ ಕಣ್ಣಾಡಿಸಿ ಕಂಬದ ಬಳಿ ನಿಲ್ಲಿಸಿದಳು.

"ಹಾಗೆ ನಿಲ್ಲಿಸಿದ್ದು ನನ್ನ ದೊಡ್ಡಪ್ಪ, ಸರ್. ನಡುವೆ ಬ್ಯಾರಲ್ ಇಟ್ಟದ್ದು ನಾವು."

ಆಮೇಲೆ ಅವಳು ನಾಲ್ಕೂ ಸಮರಗಳನ್ನು ಒಂದೊಂದಾಗಿ ವಿವರಿಸಿದಳು. ಮೇಷ್ಟ್ರು ಮಿಡ್ವೇಯ ಬಳಿ ತಡೆದರು.

"ಆ ದ್ವೀಪದಲ್ಲಿ ಎಣ್ಣೆ ಎಲ್ಲಿತ್ತಮ್ಮ?"

"ದ್ವೀಪದಲ್ಲಿ ಇರಲಿಲ್ಲ ಸರ್. ಆದರೆ ಹಡಗುಗಳು ಅದನ್ನೇ ಕುಡಿದು ಅಲ್ಲಿಗೆ ಬಂದದ್ದು. ಅದಿಲ್ಲದಿದ್ದರೆ ಯುದ್ಧಕ್ಕೆ ಹೊರಡುತ್ತಲೇ ಇರಲಿಲ್ಲ."

"ಅರ್ಧ ಒಪ್ಪುತ್ತೇನೆ. ಮಹಾಯುದ್ಧಕ್ಕೆ ಒಂದೇ ಕಾರಣ ಇರುವುದಿಲ್ಲ. ಎಣ್ಣೆಯನ್ನು ಇಟ್ಟಿರಿ, ಸರಿ. ದ್ವೇಷವನ್ನು ಎಲ್ಲಿಟ್ಟಿದ್ದೀರಿ?"

ಆನ್ ಮರಿಯಾ ಸೂಫಿಯಾಳ ಕಡೆ ನೋಡಿದಳು. ಸೂಫಿಯಾ ಮುಂದೆ ಬಂದಳು.

"ಅದನ್ನು ಮಾಡಲಿಕ್ಕೆ ಥರ್ಮಾಕೋಲ್ ಸಾಕಾಗಲಿಲ್ಲ ಸರ್."

ಮೇಷ್ಟ್ರು ನಕ್ಕರು. ಅವರು ನಗುವುದನ್ನು ಶಾಲೆಯಲ್ಲಿ ಕಂಡವರು ಕಡಿಮೆ. ಮೇಜನ್ನು ಬಾಗಿಲ ಬಳಿಗೆ, ಬರುವವರೆಲ್ಲರ ಕಣ್ಣಿಗೆ ಮೊದಲು ಬೀಳುವ ಹಾಗೆ ಸರಿಸಲು ಹೇಳಿದರು. ಬಹುಮಾನವೇನೋ ದೀಪ ಹೊತ್ತಿಸಿದವರಿಗೇ ಹೋಯಿತು. ಜನ ಮಾತ್ರ ಬಾಗಿಲ ಬಳಿಯೇ ನಿಂತು, ಬಗ್ಗಿ, ಸೈನಿಕರ ಹಿಂದಿನಿಂದ ಅವರ ನೋಟದ ಜಾಡು ಹಿಡಿದು ಆ ಕಪ್ಪು ಡಬ್ಬಿಯನ್ನು ಮುಟ್ಟಿ ಹೋಗುತ್ತಿದ್ದರು. ಮೇಷ್ಟ್ರು ಕಂಬದ ಬಳಿಗೆ ಬಂದು ಕೇಳಿದರು.

"ಕಲಾವಿದರಾದ ದೊಡ್ಡಪ್ಪ ತಾವೇನೋ?"

ಬೆನೆಡಿಕ್ಟ್ ಒಮ್ಮೆ ಸುತ್ತ ನೋಡಿದ. "ಹೌದು, ನಾನೇ," ಅಂದ.

ಶನಿವಾರ ಅವನು ಹೊರಡಬೇಕಿತ್ತು. ಹಲಗೆ ಮನೆಗೆ ಮರಳಿ ಊಟದ ಮೇಜಿನ ಮೇಲೆ ಕೂತಿತ್ತು. ಮಾರ್ಟಿನಾ ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಟ್ಟಳು: "ಈ ಹಾಲ್‌ನಲ್ಲಿ ಎರಡು ಬೆಟ್ಟಕ್ಕೆ ಜಾಗ ಇಲ್ಲ. ಒಂದೋ ಯುದ್ಧ, ಒಂದೋ ಗೋದಲಿ. ಕ್ರಿಸ್ಮಸ್ ಬಂತು."

ಬೆನೆಡಿಕ್ಟ್ ಒಳಗಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದ. ಕಾದಂಬರಿಗಳನ್ನು ಚೀಲದ ತಳಕ್ಕೆ ಹಾಕಿದ; ಸಬ್‌ಮೆರೀನಿನದನ್ನು ಮಾತ್ರ ಹುಡುಗಿಯ ದಿಂಬಿನ ಕೆಳಗೆ ಬಿಟ್ಟ. ಕನ್ನಡ 'ಅ ಆ' ಮಾತ್ರ ಬಲ್ಲವಳು ಅದನ್ನು ಎಂದಾದರೂ ಕೂಡಿಸಿ ಓದಿಯಾಳು.

"ಬಾಪ್ಪು, ಕಮ್. ನೋಡಿ."

ಅವನು ಹೊರಗೆ ಬಂದ. ಆನ್ ಮರಿಯಾ ಡಬ್ಬಿಯನ್ನು ಎತ್ತಿ ತೆಗೆದಿದ್ದಳು. ಮನೆಯ ಪೆಟ್ಟಿಗೆಯಿಂದ ಕುರಿ, ದನ, ಕುರುಬರನ್ನು ತಂದು ಸೈನಿಕರ ನಡುನಡುವೆ ನಿಲ್ಲಿಸಿದ್ದಳು. ರಷ್ಯಾದವನ ಕಾಲ ಬಳಿ ಒಂದು ಹಸು ಮಲಗಿತ್ತು. ಮರಳುಗಾಡಿನ ಟ್ಯಾಂಕಿನ ಹಿಂದೆ ಮೂವರು ರಾಜರು ಒಂಟೆಗಳೊಡನೆ ಸರದಿಯಲ್ಲಿ ನಿಂತಿದ್ದರು. ಬೆಳ್ಳಿಕಾಗದದ ಸರ್ಚ್‌ಲೈಟ್ ಮತ್ತೆ ನಕ್ಷತ್ರವಾಗಿತ್ತು. ಒಬ್ಬನನ್ನೂ ಕಿತ್ತಿರಲಿಲ್ಲ, ಒಬ್ಬನನ್ನೂ ತಿರುಗಿಸಿರಲಿಲ್ಲ. ನಡುವೆ ಅದೇ ಅಂಗೈಯಗಲದ ಖಾಲಿ ಜಾಗ; ಎಲ್ಲರೂ ಅದನ್ನೇ ನೋಡುತ್ತಿದ್ದರು.

"ಈಗ ಸರಿ ಆಯ್ತು, ಅಲ್ವಾ?"

"ಆಯ್ತು," ಅಂದ ಬೆನೆಡಿಕ್ಟ್. ಮೇಜನ್ನು ಒಂದು ಸುತ್ತು ಬಂದು ಮತ್ತೊಮ್ಮೆ "ಆಯ್ತು" ಅಂದ.

ಅವನು ಒಳಗೆ ಹೋಗಿ, ಕಟ್ಟಿದ ಚೀಲವನ್ನು ಬಿಚ್ಚಿ, ಕರವಸ್ತ್ರದ ಪುಟ್ಟ ಗಂಟನ್ನು ತಂದು ಅವಳ ಕೈಯಲ್ಲಿಟ್ಟ.

"ಇಪ್ಪತ್ತನಾಲ್ಕರ ರಾತ್ರಿ ಇಡು. ಅದಕ್ಕಿಂತ ಮೊದಲು ಬೇಡ."

ಅವಳು ಗಂಟು ಬಿಡಿಸಿ ನೋಡಿದಳು. "ಮತ್ತೆ ಸಲಾಲಾದಲ್ಲಿ ನಿಮಗೆ?"

"ಅಲ್ಲಿ ಮಣ್ಣು ಉಂಟು," ಅಂದ ಅವನು.

ಆನ್ ಮರಿಯಾ ಬೆಡ್‌ಶೀಟನ್ನು ತಂದು ಒಂದು ಬದಿ ಹಿಡಿದಳು, ಇನ್ನೊಂದು ಬದಿಯನ್ನು ಅವನಿಗೆ ಕೊಟ್ಟಳು. ಇಬ್ಬರೂ ಸೇರಿ ಯುದ್ಧಕ್ಕೂ ಕುರಿಗಳಿಗೂ ಒಟ್ಟಿಗೆ ಬಟ್ಟೆ ಮುಚ್ಚಿದರು. ಹೊರಗೆ ಮುಹಿಯುದ್ದೀನನ ಪಿಕಪ್ ಹಾರ್ನ್ ಹೊಡೆಯಿತು. ದುಬೈಗೆ ಹೊರಟಿದ್ದವನು ಅವನನ್ನು ಸಲಾಲಾ ಬಸ್ಸಿನವರೆಗೆ ಬಿಡುತ್ತೇನೆಂದಿದ್ದ. ಮೆಲ್ವಿನ್ ಅಣ್ಣನ ಚೀಲವನ್ನು ತಾನೇ ಹೊತ್ತು ಬಾಗಿಲವರೆಗೆ ಬಂದ. ಹಾಗೆ ಅವನು ಹಿಂದೆಂದೂ ಬಂದವನಲ್ಲ.

"ಬೈ ಬಾಪ್ಪು," ಅಂದಳು ಆನ್ ಮರಿಯಾ. ಆಮೇಲೆ ಗೇಟಿನವರೆಗೂ ಓಡಿ ಬಂದು ಇನ್ನೂ ಏನೇನೋ ಹೇಳುತ್ತಲೇ ಇದ್ದಳು.

ವಾಚಕ ಮಹಾಶಯರೇ, ಆ ಸಲಾಲಾ ಬಸ್ಸಿನಲ್ಲಿ ಬೆನೆಡಿಕ್ಟ್ ಪಾಯ್ಸನ ಪಕ್ಕದ ಆಸನವು ಈ ಲೇಖಕನ ಪಾಲಿಗೆ ಬಂದಿತ್ತು. ಕಿಟಕಿಯಾಚೆ ಮರಳು ಓಡುತ್ತಿದ್ದ ದೀರ್ಘ ದಾರಿಯಲ್ಲಿ ಅವನು ಹೇಳಿದ್ದನ್ನು ಹೇಳಿದಂತೆಯೇ ನಿವೇದಿಸಿದ್ದೇನೆ. ಗೂಢಚಾರಿಣಿಯರನ್ನು ಮಾತ್ರ ಕೈಬಿಟ್ಟಿದ್ದೇನೆ. ಬಸ್ಸು ಗಡಿಯ ಠಾಣೆಯಲ್ಲಿ ನಿಂತಿದೆ. ಅವನು ಕೆಳಗಿಳಿದು ರಸ್ತೆಯಂಚಿನ ಕೆಮ್ಮಣ್ಣನ್ನು ಬೆರಳುಗಳ ನಡುವೆ ಉಜ್ಜಿ ಪರೀಕ್ಷಿಸುತ್ತಿದ್ದಾನೆ. ಚಾಲಕನು ಯಲ್ಲಾ ಎನ್ನುತ್ತಿದ್ದಾನೆ. ಲೇಖಕನೂ ತನ್ನ ಗಂಟನ್ನು ಬಿಗಿದು, ಹೆಗಲಿಗೇರಿಸಿ, ಹೊರಡುತ್ತಿದ್ದಾನೆ.